ನೂರಾ ಹದಿನೆಂಟು ಬೆರಳುಗಳ ಕಾವಲು

ಈಗಷ್ಟೇ ಬೆಳಕು ಹರಿಯುತ್ತಿದೆ. ಪೀಠೋಪಕರಣ ಕಾರ್ಖಾನೆಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಮೇಜಿನ ಮೇಲೆ ಸಾಲಾಗಿ ಮಲಗಿರುವ ವಿದ್ಯುತ್ ಗರಗಸಗಳ ಮುಂದೆ ಒಬ್ಬ ಹೆಂಗಸು ನಿಂತಿದ್ದಾರೆ. ಪ್ಲಗ್ ಕಿತ್ತಿದೆಯೇ ಎಂದು ನೋಡಿ, ಅಲಗು ಮುಚ್ಚುವ ಕವಚವನ್ನು ಹಿಂದಕ್ಕೆಳೆದು ಬಿಡುತ್ತಾರೆ. ಟಕ್. ಸ್ಪ್ರಿಂಗ್ ಸರಿಯಿದೆ. ಮುಂದಿನದೂ ಟಕ್. ನಾಲ್ಕನೆಯದನ್ನು ಎತ್ತಿದರೆ ಕವಚ ಆಗಲೇ ಹಿಂದೆ ಸರಿದು ನಿಂತಿದೆ, ಅಲಗಿನ ಹಲ್ಲೆಲ್ಲ ಬಯಲು. ಸಂದಿಯಲ್ಲಿ ಕಡ್ಡಿಯಷ್ಟು ದಪ್ಪದ ಮರದ ಚಕ್ಕೆ ಬೆಣೆಯಾಗಿ ಕೂತಿದೆ.

ಅವರ ಕೈ ಅಲ್ಲೇ ನಿಲ್ಲುತ್ತದೆ. ಹಿಡಿಕೆಗೆ ಸುತ್ತಿದ ನೀಲಿ ಬಟ್ಟೆ ಅವರೇ ಹರಿದುಕೊಟ್ಟ ಹಳೆಯ ದಿಂಬಿನ ಚೀಲದ್ದು. ಯಂತ್ರ ಅವರ ಮಾವನದು.

ಇಲ್ಲಿ ಎಲ್ಲರಿಗೂ ಇವರು ಪ್ಲಗ್ಗಕ್ಕ. "ಮೊದ್ಲು ಪ್ಲಗ್ ಕೀಳು, ಆಮೇಲೆ ಅಲಗು ಮುಟ್ಟು" ಎಂದು ಹೇಳಿ ಹೇಳಿ ಬಂದ ಬಿರುದು. ಮಾವ, ಗಂಡ ಸೇರಿ ಹನ್ನೆರಡು ಬಡಗಿಗಳು, ಇಪ್ಪತ್ತಾರು ಯಂತ್ರಗಳು. ದಿನವೂ ಎರಡು ಗಂಟೆ ತಪಾಸಣೆ. ವೈರ್ ಸುಲಿದಿದೆಯೇ, ಸ್ವಿಚ್ಚು ಬಿಟ್ಟ ಕೂಡಲೇ ನಿಲ್ಲುತ್ತದೆಯೇ, ಅಲಗು ಮೊಂಡಾಗಿದೆಯೇ. "ಮೊಂಡು ಅಲಗಿಗೆ ಯಾರೂ ಹೆದರಲ್ಲ. ಹೆದರ್ಬೇಕಾದ್ದೇ ಅದಕ್ಕೆ. ಒತ್ತಿ ಹಿಡಿದ್ರೆ ಹಿಂದಕ್ಕೆ ಎಗರತ್ತೆ."

ಒಂಬತ್ತು ವರ್ಷದ ಹಿಂದೆ ಅವರಿಗೆ ಈ ಕೆಲಸದ ಗಂಧಗಾಳಿ ಇರಲಿಲ್ಲ. ಇದೇ ಕಾರ್ಖಾನೆಯಲ್ಲಿ ಗಂಡನ ಎರಡು ಬೆರಳು ಹೋದವು. ಕಾರಣ, ಇಂಥದೇ ಚಕ್ಕೆ. "ಬುದ್ಧೀನ ಮನೇಲಿಟ್ಟು ಕೈ ಮಾತ್ರ ಕೆಲಸಕ್ಕೆ ತಂದಿದ್ಯಾ?" ಎಂದು ಆಸ್ಪತ್ರೆಯಲ್ಲೇ ಮಗನಿಗೆ ಬೈದವರು ಈ ಮಾವ. ಸೊಸೆಗೆ ಯಂತ್ರ ಬಿಚ್ಚಿ ಜೋಡಿಸಲು ಕಲಿಸಿದವರೂ ಅವರೇ. ನಲವತ್ತು ವರ್ಷದ ಕಸುಬಿನಲ್ಲಿ ಒಂದು ಗೀರೂ ಮಾಡಿಕೊಂಡವರಲ್ಲ.

ಎಂಟಕ್ಕೆ ಮಾವ ಬಂದು ಕೈ ಚಾಚುತ್ತಾರೆ. ಸೊಸೆ ಯಂತ್ರ ಕೊಡದೆ ಚಕ್ಕೆಯನ್ನು ಮೇಜಿನ ಮೇಲಿಡುತ್ತಾರೆ.

"ಇದೇನು ಮಾವ?"

"ಯಾರೋ ಹುಡುಗ್ರ ಕೀಟಲೆ."

"ನಿಮ್ಮ ಮಶೀನ್ ಮುಟ್ಟೋ ಧೈರ್ಯ ಯಾರಿಗಿದೆ ಇಲ್ಲಿ?"

ಮುದುಕರು ಮೇಜಿನಂಚನ್ನು ಸವರುತ್ತಾರೆ. "ಮರದ ಮೇಲೆಳೆದ ಗೆರೆ ಕಾಣಲ್ಲ ಕಣಮ್ಮ. ಕವಚ ಅಡ್ಡ ಬಂದ್ರೆ ಇಷ್ಟೂ ಕಾಣಲ್ಲ. ಐದಾರು ತಿಂಗಳಿಂದ ಉಗುರಲ್ಲಿ ಗೆರೆ ಮುಟ್ಕೊಂಡೇ ಕೊಯ್ತಿದ್ದೆ. ಸಂಜೆ ಚಕ್ಕೆ ತೆಗೆದಿಡ್ತಿದ್ದೆ. ನಿನ್ನೇನೂ ತೆಗೆದೆ ಅನ್ಕೊಂಡೆ."

ಸೊಸೆ ಸ್ಟೂಲಿನ ಮೇಲೆ ಕೂರುತ್ತಾರೆ. ತಿರುಗುವ ಅಲಗಿನ ಮುಂದೆ ಉಗುರು, ಐದಾರು ತಿಂಗಳು. ಇಪ್ಪತ್ತಾರು ಯಂತ್ರಗಳ ಕುಂದು ಹುಡುಕುವ ಅವರಿಗೆ, ದಿನವೂ ಊಟಕ್ಕೆ ಎದುರು ಕೂರುವವರ ಕಣ್ಣು ಮಂಜಾದದ್ದು ಕಂಡಿರಲಿಲ್ಲ. ನೀಲಿ ಹಿಡಿಕೆಯ ಯಂತ್ರವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

"ಮನೇಲಿ ಕೂರಿಸಿದ್ರೆ ತುಕ್ಕು ಹಿಡೀತೀನಿ," ಎನ್ನುತ್ತಾರೆ ಮಾವ, ಮೆಲ್ಲಗೆ.

"ಕೂರಿ ಅಂದೋರ್ಯಾರು? ಕುರ್ಚಿ ಜೋಡಣೆ ನೋಡಿ. ಕಣ್ಣಿಗೆ ತಪ್ಪಿದ್ದು ನಿಮ್ಮ ಬೆರಳಿಗೆ ಸಿಗತ್ತೆ."

ಈಗ ನೀಲಿ ಹಿಡಿಕೆಯ ಗರಗಸ ಕಪಾಟು ಸೇರಿದೆ, ಕೀಲಿ ಸೊಸೆಯ ಬಳಿ. ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಅಲ್ಲಿಯವರೆಗೆ ಮಾವ ಕುರ್ಚಿಯ ಕಾಲುಗಳನ್ನು ಸವರಿ, "ಇಲ್ಲೊಂದು ಕೂದಲೆಳೆ ಎತ್ತರ" ಎಂದು ಎಳೆಯರ ಬೆವರಿಳಿಸುತ್ತಾರೆ.

ಸಂಜೆ ಶಟರಿನ ಬಳಿ ಎಲ್ಲರೂ ಪ್ಲಗ್ಗಕ್ಕನಿಗೆ ಅಂಗೈ ತೋರಿಸಿ ಹೋಗಬೇಕು. ತಮಾಷೆಗೆ ಶುರುವಾದ ರೂಢಿ. "ಎರಡು ಕಮ್ಮಿ ಅಂತ ಹುಡುಕಿಸ್ಬೇಡ ಮಾರಾಯ್ತಿ," ಎನ್ನುತ್ತಾರೆ ಗಂಡ. ಕೊನೆಗೆ ಮಾವ. ಅವರ ಬೆರಳುಗಳನ್ನು ಮಾತ್ರ ಸೊಸೆ ಈಗ ಎರಡು ಸಲ ಎಣಿಸುತ್ತಾರೆ.

"ಬೆಳಿಗ್ಗೆ ನೂರಾ ಹದಿನೆಂಟು ಬಂದಿದ್ವು," ಎಂದು ದೀಪ ಆರಿಸುತ್ತಾರೆ. "ನೂರಾ ಹದಿನೆಂಟೂ ಮನೆಗೆ ಹೋದ್ವು."