ಆಯಿ ನೋಡಿದ ಎರಡು ಚಿತ್ರಗಳು

ಹತ್ತು ಗಂಟೆಗೆ ಬರಬೇಕಾದ ಅಪ್ಪನ ದೋಣಿ ಹನ್ನೆರಡಾದರೂ ಬಂದಿರಲಿಲ್ಲ. ಅಮದಳ್ಳಿಯ ದಡಕ್ಕೆ ಉಳಿದವರೆಲ್ಲ ಬಂದು, ಬಂಗಡೆ ಮೀನು ಇಳಿಸಿ, ಮನೆಗೂ ಹೋಗಿಯಾಗಿತ್ತು. ಮರಳ ಮೇಲೆ ಕಾಯುತ್ತ ಉಳಿದದ್ದು ನಾನು ಮತ್ತು ನನ್ನ ಅಮ್ಮ, ಆಯಿ. ನಮ್ಮ ದೋಣಿಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೇ. ಇಬ್ಬರ ಮೊಬೈಲೂ ಸ್ವಿಚ್ ಆಫ್. ಕೊನೆಗೆ ಬಂದವರೊಬ್ಬರು, "ನಿಮ್ಮವ್ರಿಗೆ ಬಂಗಡೆ ಭರ್ತಿ ಬಿದ್ದದೆ. ದೋಣಿ ಅಂಚಿನವರೆಗೂ ನೀರು ಬಂದಿತ್ತು" ಎಂದು ಹೇಳಿ ಹೋಗಿದ್ದರು. ಸಂತೋಷದ ಸುದ್ದಿಯನ್ನು ಅವರು ನಮ್ಮ ಮುಖ ನೋಡದೆ ಹೇಳಿದ್ದು ನನಗೆ ಸರಿಬರಲಿಲ್ಲ.

ನಾನು ಆಯಿಯ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಕೂರಲು ಹೋದೆ. ಆಯಿ ಅದನ್ನು ಕಸಿದುಕೊಂಡು ನೆಟ್ಟಗೆ ಇಟ್ಟಳು. ದೋಣಿ ನೀರಿನಲ್ಲಿರುವಾಗ, ಅದೂ ಹಾಗೇ ಮಗುಚೀತೆಂದು, ನಮ್ಮ ಮನೆಯಲ್ಲಿ ಒಂದು ಲೋಟವನ್ನೂ ಬೋರಲು ಹಾಕುವುದಿಲ್ಲ. ಅಂಕೋಲೆಯಲ್ಲಿ ಡ್ರಾಯಿಂಗ್ ಟೀಚರಾಗಿ ಇಷ್ಟನ್ನೂ ಮರೆತೆನಲ್ಲ ಎಂದು ನಾಚಿಕೆಯಾಯಿತು.

ಸುಮ್ಮನೆ ಕೂತರೆ ಹುಚ್ಚೇ ಹಿಡಿಯುತ್ತಿತ್ತು. ಬ್ಯಾಗಿನಿಂದ ಎರಡು ಪ್ರಿಂಟು ತೆಗೆದೆ. ಮರುದಿನ ಅಂಕೋಲೆಯಲ್ಲಿ ಟೀಚರುಗಳೆದುರು ನಾನು ಹೋಲಿಸಿ ಮಾತಾಡಬೇಕಿದ್ದ ಚಿತ್ರಗಳು. ಯುರೋಪಿನ ಪುನರುಜ್ಜೀವನ ಕಾಲದ ಇಬ್ಬರು ಚಿತ್ರಕಾರರು, ಒಬ್ಬ ಇಟಲಿಯವ, ಇನ್ನೊಬ್ಬ ಅದರಾಚೆಯ ಬೆಟ್ಟಗಳ ಸೀಮೆಯವ. ಯೇಸುವಿನ ಮಾತಿನಂತೆ ಬಲೆ ಬೀಸಿದವರಿಗೆ ರಾಶಿ ಮೀನು ಬಿದ್ದ ಪವಾಡವನ್ನು ಇಬ್ಬರೂ ಬರೆದಿದ್ದಾರೆ. ಇಟಲಿಯವನದೇ ಮೇಲು, ಇನ್ನೊಬ್ಬನದು ಸ್ವಲ್ಪ ಮರಗಟ್ಟಿದೆ ಎಂದು ನಾನು ಬರೆದಿಟ್ಟುಕೊಂಡಿದ್ದೆ.

ಆಯಿ ಮೊದಲು ಇಟಲಿಯವನದನ್ನು ನೋಡಿದಳು.

"ಇಷ್ಟ್ ಸಣ್ಣ ದೋಣಿಲಿ ಇಷ್ಟ್ ಜನ, ಮೇಲಿಂದ ಮೀನು ಬೇರೆ. ಇದು ದಡ ಕಾಣೂದಿಲ್ಲ ಮಗಾ."

"ಮನುಷ್ಯರು ದೊಡ್ಡದಾಗಿ ಕಾಣಬೇಕಂತ ಬೇಕಂತ್ಲೇ ದೋಣಿ ಸಣ್ಣ ಮಾಡಿದ್ದು ಆಯಿ."

"ದೊಡ್ಡ ಕಂಡು ಎಂತ ಮಾಡೂದು?" ಅವಳ ಬೆರಳು ಚಿತ್ರದ ಕೆಳಗಿನ ದಡಕ್ಕೆ ಬಂತು. "ಇಲ್ಲಿ ನೋಡು, ಬರೀ ಕೊಕ್ಕರೆ. ಇವ್ರಿಗೆ ಹೆಂಡ್ರು ಇಲ್ವನೆ?"

ನಾನು ಆ ಕೊಕ್ಕರೆಗಳ ಅಂದದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಆ ಪ್ರಿಂಟನ್ನು ಕೆಳಗಿಟ್ಟು ಇನ್ನೊಂದನ್ನು ಅವಳ ಮುಂದೆ ಹಿಡಿದೆ.

ಎರಡನೆಯದರಲ್ಲಿ ಬಲೆಯ ಭಾರಕ್ಕೆ ಬಾಗಿದವರನ್ನು ಆಯಿ ಬಹಳ ಹೊತ್ತು ನೋಡಿದಳು. ಆಮೇಲೆ ನೀರಿಗಿಳಿದು ದಡದತ್ತ ಬರುತ್ತಿದ್ದವನ ಮೇಲೆ ಬೆರಳಿಟ್ಟಳು. "ಇಂವ ದೋಣಿಲೂ ಇದ್ದಾನಲ್ಲೆ?"

"ಒಬ್ಬನೇ ಆಯಿ. ಎರಡು ಸಲ ಬರೆದಿದ್ದಾನೆ. ಮೊದಲು ಬಲೆ ಎಳೆದದ್ದು, ಆಮೇಲೆ ಇಳಿದು ಬಂದದ್ದು."

"ಇದು ಅಡ್ಡಿಲ್ಲ. ಇದ್ರಲ್ಲಿ ಬಂದ." ಅಷ್ಟು ಹೇಳಿ ಚಿತ್ರವನ್ನು ನನ್ನ ಕೈಗೆ ತುರುಕಿ ಮತ್ತೆ ಸಮುದ್ರದ ಕಡೆ ತಿರುಗಿದಳು.

ಒಂದೂವರೆಗೆ ದೋಣಿ ಕಂಡಿತು. ಸೊಂಟದ ನೀರಿನಲ್ಲಿ ಅಪ್ಪ ಹಗ್ಗ ಹಿಡಿದು ಎಳೆಯುತ್ತ ಬರುತ್ತಿದ್ದ. ನಾನು "ಅಪ್ಪಾ" ಎಂದು ಕಿರುಚಿಕೊಂಡು ಓಡಿದೆ. ಆಯಿ ಮಾತ್ರ ಕದಲಲಿಲ್ಲ. ಅವಳು ನೋಡುತ್ತಿದ್ದುದು ಅಪ್ಪನ ಹಿಂದಿನ ದೋಣಿಯನ್ನು. ಅದರಲ್ಲಿ ಯಾರೂ ಕಾಣುತ್ತಿರಲಿಲ್ಲ. ನನ್ನ ಕಾಲು ನೀರಿನಲ್ಲೇ ನಿಂತುಬಿಟ್ಟಿತು.

"ಬಲೆ ಕೊಯ್ದು ಬಿಟ್ಟೆ. ಮೀನೆಲ್ಲ ಹೋಯ್ತು" ಎಂದ ಅಪ್ಪ.

ಆಯಿಯ ಕಣ್ಣು ಇನ್ನೂ ದೋಣಿಯ ಮೇಲೇ ಇತ್ತು. ಆಗ ದೋಣಿಯೊಳಗೆ ಬಗ್ಗಿ ನೀರು ಮೊಗೆಯುತ್ತಿದ್ದ ಚಿಕ್ಕಪ್ಪ ಡಬ್ಬಿ ಹಿಡಿದುಕೊಂಡು ಎದ್ದು ನಿಂತ.

ಆಯಿ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.