ಭೈರಮ್ಮ ಪುಡಿ ಮಾಡಿದ ಮಾತ್ರೆ

ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಸುತ್ತಮುತ್ತ ಅಡಿಕೆಗೆ ಚೊಗರು ಹಚ್ಚುವುದರಲ್ಲಿ ಭೈರಮ್ಮನನ್ನು ಮೀರಿಸುವವರಿಲ್ಲ. ಅಡಿಕೆ ಬೇಯಿಸಿದ ನೀರು ಬತ್ತಿ ಗಟ್ಟಿಯಾದ ಆ ಕೆಂಪು ರಸವನ್ನು ಎಷ್ಟು ಹಾಕಿದರೆ ಎಂಥ ಹೊಳಪು ಬರುತ್ತದೆ ಎಂಬುದು ಅವಳ ಕೈಗೇ ಗೊತ್ತು. ಬಾಯಿಯೂ ಅಷ್ಟೇ ಜೋರು. ಅಡಿಕೆ ಸರಿಯಾಗಿ ಬೇಯದಿದ್ದರೆ ತೋಟದ ಒಡೆಯರನ್ನೂ ಬಿಡುವವಳಲ್ಲ. ಊರಿನಲ್ಲಿ ಅವಳ ಬಾಯಿಗೆ ಹೆದರದೆ ಇದ್ದವನು ಗಂಡ ಸುಬ್ಬಪ್ಪ ಒಬ್ಬನೇ. ಅವಳು ಬೈದಷ್ಟೂ ನಗುತ್ತಿದ್ದ.

ಹೋದ ವರ್ಷ ಆ ಸುಬ್ಬಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಿತು, ಮಾತು ನಿಂತಿತು. ಮತ್ತೆ ಹಾಗಾಗದಿರಲೆಂದು, ರಕ್ತ ಹೆಪ್ಪುಗಟ್ಟದ ಹಾಗೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಉಗುಳುತ್ತಿದ್ದ. ಭೈರಮ್ಮ ಕೊಪ್ಪದ ಔಷಧಿ ಅಂಗಡಿಯಲ್ಲಿ ಕೇಳಿದಳು.

"ನುಂಗಕ್ಕೇ ಆಗಲ್ಲ ಅವರಿಗೆ. ಎಂತ ಮಾಡದು?"

ಅಂಗಡಿಯ ಸುಂದರೇಶ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೆಂಗಾರೂ ಮಾಡಿ ಕೊಡಿ" ಎಂದ. ಅಷ್ಟೇ. ಒಂದು ಜೀವಕ್ಕೆ ಅವನು ಕೊಟ್ಟ ಬೆಲೆ ಅಷ್ಟೇ!

ಮನೆಗೆ ಬಂದು ಭೈರಮ್ಮ ಮಾತ್ರೆಯನ್ನು ಎರಡು ತುಂಡು ಮಾಡಿ ನೋಡಿದಳು. ಮೇಲೆ ಹೊಳೆಯುವ ತೆಳು ಪದರ, ಒಳಗೆ ಬರೀ ಬಿಳಿ ಹಿಟ್ಟು. ಅವಳಿಗೆ ನಗು ಬಂತು. ಹೊಳಪು ಹಚ್ಚುವುದು ಯಾರಿಗೋಸ್ಕರ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷ ಅವಳು ಮಾಡಿದ್ದೇ ಅದು. ಕೊಳ್ಳುವವನ ಕಣ್ಣಿಗೆ ಚಂದ, ತಿನ್ನುವವನಿಗೆ ಅದರಿಂದ ಆಗುವುದೇನೂ ಇಲ್ಲ. ಎಲೆಯಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಮಾತ್ರೆ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕುಡಿಸಿದಳು. ಸಲೀಸಾಗಿ ಇಳಿಯಿತು.

ಎರಡು ತಿಂಗಳಾಗುವಷ್ಟರಲ್ಲಿ ಸುಬ್ಬಪ್ಪ ಗಂಜಿ ಕಂಡರೆ ಮುಖ ತಿರುಗಿಸತೊಡಗಿದ. ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದು ಏನೋ ಹೇಳಲು ನೋಡುತ್ತಿದ್ದ. ಭೈರಮ್ಮನಿಗೆ ಅದು ಬರೀ ಹಟವಾಗಿ ಕಂಡಿತು.

"ಬಾಯಿ ತೆಗೀರಿ ಅಂದ್ರೆ! ಕೆಲ್ಸ ಬಿಟ್ಟು ನಿಮ್ಮ ಎದುರಿಗೇ ಕೂತಿರಕ್ಕೆ ಆಗುತ್ತಾ?" ಎಂದು ಕೆನ್ನೆ ಅದುಮಿ ಸುರಿಯುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಕಪ್ಪು ರಕ್ತ ಕಾರಿಕೊಂಡು ಬಿದ್ದ.

ಕೊಪ್ಪದ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಬದುಕುತ್ತಾನೋ ಇಲ್ಲವೋ ಎರಡು ದಿನ ಕಳೆದ ಮೇಲೆ ಗೊತ್ತಾಗುತ್ತದೆ ಎಂದರು. ಮಾತ್ರೆ ಹೇಗೆ ಕೊಡುತ್ತಿದ್ದಿರಿ ಎಂದು ಡಾಕ್ಟರ್ ಚೇತನಾ ಕೇಳಿದರು. ಭೈರಮ್ಮ ಹೇಳಿದಳು.

"ಪುಡಿ ಮಾಡಿದ್ರಾ? ಅಯ್ಯೋ! ಆ ಮಾತ್ರೆ ಮೊದಲೇ ಹೊಟ್ಟೆಗೆ ಆಗಲ್ಲ. ಅದಕ್ಕೇ ಮೇಲೆ ಹೊದಿಕೆ ಇರೋದು. ಹೊಟ್ಟೆ ಹುಳಿಗೆ ಅದು ಕರಗಲ್ಲ, ಕರುಳಿಗೆ ಹೋದ ಮೇಲೆ ಕರಗುತ್ತೆ. ಪುಡಿ ಮಾಡಿದ್ದಕ್ಕೆ ಹೊಟ್ಟೇಲೇ ಕರಗಿ ಹುಣ್ಣಾಗಿದೆ. ಯಾರು ನಿಮಗೆ ಪುಡಿ ಮಾಡೋಕೆ ಹೇಳಿದ್ದು?"

"ಮಾಡಬೇಡ ಅಂತ ಯಾರು ಹೇಳಿದ್ರು?" ಭೈರಮ್ಮ ಕಿರುಚಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಅವಳು ಮಗಳು ಪವಿತ್ರಾಳನ್ನು ಎಳೆದುಕೊಂಡು ನೇರ ಸುಂದರೇಶನ ಅಂಗಡಿಗೆ ನುಗ್ಗಿದಳು. ಖಾಲಿ ಮಾತ್ರೆ ಹಾಳೆಯನ್ನು ಅವನ ಮುಂದೆ ಬಡಿದಳು.

"ಅದರ ಹಿಂದೇನೇ ಬರ್ದಿದೆಯಲ್ಲ, ಅಮ್ಮ" ಎಂದ ಅವನು.

ಪವಿತ್ರಾ ಹಾಳೆ ತಿರುಗಿಸಿದಳು. ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. "ಇಡೀ ನುಂಗಬೇಕು, ಪುಡಿ ಮಾಡಬಾರದು ಅಂತ ಇದೆ ಅಮ್ಮ" ಎಂದಳು ಮೆಲ್ಲಗೆ.

"ಯಾರಿಗೆ ಬರ್ದಿದ್ದು ಇದು? ನನಗಾ?" ಭೈರಮ್ಮ ಹಾಳೆ ಕಿತ್ತುಕೊಂಡು ಅವನ ಮುಖಕ್ಕೆ ಹಿಡಿದಳು. "ಒಂದು ಹಂಡೆ ಚೊಗರು ಕೆಡಿಸಿದ್ರೆ ವರ್ಷಗಟ್ಟಲೆ ಆಡ್ಕಳ್ತಾರೆ ನನ್ನ. ನಾನು ಬಾಯಿಬಿಟ್ಟು ಕೇಳ್ದೆ ನಿಮ್ಮ ಹತ್ರ. ಹೆಂಗಾರೂ ಕೊಡಿ ಅಂದ್ರಿ. ತಲೆ ಎತ್ತಿ ಒಂದು ಮಾತು ಹೇಳಕ್ಕೆ ನಿಮ್ಮ ಗಂಟು ಎಂತ ಹೋಗ್ತಿತ್ತು, ಮಾರಾಯ್ರೆ?"

ಸುಂದರೇಶ್ ಈಗ ತಲೆ ಎತ್ತಿದ್ದ. ಅವಳು ಬಾಯಿಗೆ ಬಂದಂತೆ ಬೈದಳು. ಕೇಳಲು ಜನ ಸೇರಿದರು. ಎಷ್ಟು ಬೈದರೂ ಎದೆಯ ಉರಿ ಇಳಿಯಲಿಲ್ಲ. ದಾರಿಯಲ್ಲಿ ಪವಿತ್ರಾ ಸಮಾಧಾನ ಹೇಳಲು ಬಂದದ್ದಕ್ಕೆ ಅವಳಿಗೂ ಬೈಗುಳ ಬಿತ್ತು.

ಮೂರನೆಯ ದಿನ ಸುಬ್ಬಪ್ಪ ಕಣ್ಣು ಬಿಟ್ಟ. ಜೀವಕ್ಕೆ ಇನ್ನು ಭಯವಿಲ್ಲ ಎಂದರು. ಹುಣ್ಣು ಮಾಯಲು ನೀರಿನಂಥ ಔಷಧಿ ಕೊಟ್ಟು, ನೀವೇ ಕುಡಿಸಿ ಎಂದು ನರ್ಸ್ ಅತ್ತ ಹೋದಳು. ಭೈರಮ್ಮ ಚಮಚ ತುಂಬಿಸಿಕೊಂಡು ಮಂಚದ ಪಕ್ಕ ಬಂದಳು. ಇನ್ನೂ ಏನೂ ಹೇಳಿರಲಿಲ್ಲ. ಅವಳ ಕೈಯಲ್ಲಿ ಚಮಚ ಕಂಡದ್ದೇ ತಡ, ಸುಬ್ಬಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ದೊಡ್ಡದಾಗಿ ಬಾಯಿ ತೆರೆದ.

"ಬೈಯಲ್ಲ ಮಾರಾಯ್ರೆ, ಕಣ್ಣು ಬಿಡಿ" ಎಂದಳು ಭೈರಮ್ಮ.

ಔಷಧಿ ಪೂರ್ತಿ ಇಳಿಯುವವರೆಗೂ ಅವನು ಕಣ್ಣು ಬಿಡಲಿಲ್ಲ.