ಉಪ್ಪಿನ ಐದು ಗುಂಡಿಗಳು

ಹೋದ ವರ್ಷ ಫೆಬ್ರುವರಿಯ ಒಂದು ಸೋಮವಾರ, ದುಬಲಗುಂಡಿಯ ನಮ್ಮ ಹೊಲದಲ್ಲಿ ಭೂವಿಜ್ಞಾನಿಗಳ ತಂಡವೊಂದು ಐದು ಗುಂಡಿ ತೋಡಿತು. ಗುಂಡಿಗಳಿಗೆ ಉಪ್ಪುನೀರಲ್ಲಿ ಕಲಸಿದ ಮಣ್ಣು ತುಂಬಿ, ಒಂದೊಂದು ತಂತಿ ಹೂತರು. ನೆಲದೊಳಗೆ ತಾನಾಗಿ ಹರಿಯುವ ಸಣ್ಣ ವಿದ್ಯುತ್ತನ್ನು ಅವು ರಾತ್ರಿಯಿಡೀ ಅಳೆಯಬೇಕಿತ್ತು. ಅಂಥ ಅಳತೆಗಳಿಂದ ಆಳದ ಚಿತ್ರ ಮೂಡುತ್ತದೆ.

ತಂಡದ ಮುಖ್ಯಸ್ಥೆ ವಿವರಿಸಿದ್ದು ಇಷ್ಟು: ಇಲ್ಲಿನ ಕರಿಗಲ್ಲಿನ ಕೆಳಗೆ, ಎಂದೋ ನೆಲ ಸೀಳಿ ಕುಸಿದು ಆದ ಕಣಿವೆಯೊಂದು ಹೂತುಹೋಗಿರಬಹುದು. ಹಿಂದಿನ ಅಳತೆಗಳಲ್ಲಿ ಬಸವಕಲ್ಯಾಣದ ಕಡೆ ಅದರ ತಳ ಬಹಳ ಆಳದಲ್ಲಿ ಕಂಡಿತ್ತು, ಮಾಣಿಕನಗರದ ಕಡೆ ಬಂಡೆ ಎತ್ತರದಲ್ಲೇ ಇತ್ತು. ಹಾಗಾದರೆ ಕಣಿವೆಯ ಗೋಡೆ ನಡುವೆ ಎಲ್ಲೋ ಇರಬೇಕು. ನಡುವೆ ಅಳೆಯಲು ಉಳಿದಿದ್ದುದು ನಮ್ಮ ಹೊಲವೊಂದೇ. ಉಪಕರಣವನ್ನು ಮರುದಿನ ಹಿಂತಿರುಗಿಸಬೇಕಿತ್ತು. ಆಕೆಗೆ ಸಿಕ್ಕಿದ್ದು ಒಂದೇ ರಾತ್ರಿ.

ಪಂಪು ಹಚ್ಚಬೇಡಿ, ಟ್ರ್ಯಾಕ್ಟರ್ ತರಬೇಡಿ, ಮೊಬೈಲ್ ಹತ್ತಿರ ಒಯ್ಯಬೇಡಿ, ಅವುಗಳ ವಿದ್ಯುತ್ತು ಅಳತೆ ಕೆಡಿಸುತ್ತದೆ ಎಂದು ಆಕೆ ನನ್ನ ತಾಯಿಗೆ ಹೇಳಿದ್ದರು. ತಾಯಿ ಮೂರನ್ನೂ ಪಾಲಿಸಿದರು.

ಮಂಗಳವಾರ ಮುಂಜಾನೆ ತಂಡದೊಂದಿಗೆ ನಾನೂ ತಾಯಿಯೂ ಹೋದಾಗ ಹೊಲದ ತುಂಬ ಕುರಿ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಕೂರಿಸುವುದು ನಮ್ಮ ಕಡೆಯ ರೂಢಿ. ಹಿಂದಿನ ವಾರವೇ ತಾಯಿ ಕುರಿಯವರೊಬ್ಬರಿಗೆ ಸೋಮವಾರ ರಾತ್ರಿ ಕುರಿ ಕೂರಿಸಲು ಮಾತು ಕೊಟ್ಟಿದ್ದರು. ಐದೂ ಗುಂಡಿಗಳ ಮಣ್ಣನ್ನು ಕುರಿಗಳು ಉಪ್ಪಿಗಾಗಿ ಕೆದರಿ ನೆಕ್ಕಿದ್ದವು. ತಂತಿಗಳು ಹೊರಬಿದ್ದಿದ್ದವು.

"ಕುರಿ ಬಿಡಬ್ಯಾಡ ಅಂತ ನೀವು ಹೇಳಲಿಲ್ಲಲ್ರಿ," ಎಂದರು ತಾಯಿ. "ಕರೆಂಟಿಂದು ಬ್ಯಾಡ ಅಂದ್ರಿ. ಕುರಿಗೆ ಎಲ್ಲಿ ಕರೆಂಟ್ ಅದ?"

"ಹೌದ್ರಿ, ಹೇಳಲಿಲ್ಲ," ಎಂದು ಆಕೆ ಒಪ್ಪಿಕೊಂಡರು.

ಕುರಿಯವರು ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. "ನಾನೂ ಮಾತ ಕೊಟ್ಟಿದ್ದೆ, ಜಬಾನ್ ಆಗಿತ್ತು ಅಕ್ಕಾರ, ತಪ್ಪಾಕ ಬರಂಗಿಲ್ಲ. ಉಪ್ಪು ಮುಚ್ಚಿಟ್ಟೀರಂತ ನಮಗ ಹ್ಯಾಂಗ ಗೊತ್ತು? ಮೂಗು ಇದ್ದಿದ್ದು ಇವಕ್ಕ." ಆಮೇಲೆ ಆಕೆಯನ್ನು ಕೇಳಿಕೊಂಡರು: "ಇನ್ನೊಂದ್ ದಿನ ನಿಲ್ರಿ. ನಾ ಕುರಿ ಹೊಡ್ಕೊಂಡು ಹುಮನಾಬಾದ್ ದಾರಿ ಹಿಡೀತೀನಿ."

ಆಕೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಉಪಕರಣ ಉಳಿಸಿಕೊಳ್ಳಲು ಒಪ್ಪಿಗೆ ಸಿಗಲಿಲ್ಲ. ಮಧ್ಯಾಹ್ನ ಜೀಪು ಹೊರಟಿತು. ಕುರಿಯವರು ಐದೂ ಗುಂಡಿಗಳನ್ನು ಮುಚ್ಚಿ, ಕಾಲಿನಿಂದ ತುಳಿದು ಸಮ ಮಾಡಿದರು.

ಕಳೆದ ತಿಂಗಳು ಆಕೆ ನೆಲದಾಳದ ಆ ಚಿತ್ರದ ಒಂದು ಪ್ರತಿಯನ್ನು ತಾಯಿಗೆ ಕಳಿಸಿದರು. ಎಡಕ್ಕೆ ಕಣಿವೆಯ ತಳ ನೀಲಿಯಲ್ಲಿದೆ, ಬಲಕ್ಕೆ ಎತ್ತರದ ಬಂಡೆ ಕೆಂಪಿನಲ್ಲಿದೆ. ನಮ್ಮ ಹೊಲದ ಕೆಳಗೆ, ಮೇಲಿನಿಂದ ತಳದವರೆಗೆ, ಬಣ್ಣವಿಲ್ಲದ ಒಂದು ಬಿಳಿ ಪಟ್ಟಿ ಇದೆ.